ಯಾವ ವೈರು ಮೀಟರಿಗೆ, ಯಾವ ವೈರು ಬಜರಿಗೆ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಟ್ರಾಲ್ ಬೋಟ್ ತಗೊಂಡಿದ್ದೇವೆ. ಆರು ಸಿಲಿಂಡರಿನ ಡೀಸೆಲ್ ಎಂಜಿನ್, 24 ವೋಲ್ಟ್. ಎಂಜಿನ್ ಮೇಲೆ ಹಿತ್ತಾಳೆ ಬೋಲ್ಟ್ ಥರದ್ದು ಎರಡು, ಡಬ್ಬಿ ಥರದ್ದು ಒಂದು ಇದೆ. ಎರಡು ವೈರು ಸುಮ್ನೆ ನೇತಾಡುತ್ತಿವೆ. ಟೆಂಪರೇಚರ್ ಮೀಟರಿನ ಮುಳ್ಳು ಏಳುವುದೇ ಇಲ್ಲ. ಕೀ ಆನ್ ಮಾಡಿದರೆ ದೀಪವೂ ಇಲ್ಲ, ಬಜರೂ ಇಲ್ಲ. ಆಗಸ್ಟ್ 1ಕ್ಕೆ ಕಡಲಿಗೆ ಇಳಿಯಬೇಕು. ಎಲ್ಲವನ್ನೂ ಹೊಸದು ಹಾಕಿಬಿಡಲೇ?
– ಮಲ್ಪೆಯ ಓದುಗರೊಬ್ಬರು

ಉತ್ತರ: ದುಡ್ಡು ಖರ್ಚು ಮಾಡುವ ಮೊದಲು ಒಂದು ವಿಷಯ. ಕೀ ಆನ್ ಮಾಡಿದಾಗ ಬಜರ್ ಹೊಡೆಯುತ್ತಿಲ್ಲ ಅಂದಿರಲ್ಲ, ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ತಂದದ್ದು ಅದೇ. ಎಂಜಿನ್ ನಿಂತಿರುವಾಗ ಆಯಿಲ್ ಪ್ರೆಷರ್ ಸೊನ್ನೆ. ಆಗ ಆಯಿಲ್ ಸ್ವಿಚ್ ಕೂಡಿಕೊಂಡೇ ಇರುತ್ತದೆ. ಕೀ ತಿರುಗಿಸಿದ ಕೂಡಲೇ ದೀಪ ಹೊತ್ತಿ ಬಜರ್ ಕೂಗಬೇಕು. ಸ್ಟಾರ್ಟ್ ಆಗಿ ಪ್ರೆಷರ್ ಅರ್ಧ ಬಾರ್ ಆಸುಪಾಸು ದಾಟಿದಾಗ ಸ್ವಿಚ್ ಬಿಟ್ಟುಕೊಂಡು ಸದ್ದು ನಿಲ್ಲುತ್ತದೆ. ಈ ಸದ್ದು ಕಿರಿಕಿರಿ ಅಂತ ವೈರು ಕಿತ್ತು ಬಿಡುವ ಡ್ರೈವರುಗಳನ್ನು ಎಷ್ಟೋ ಜನ ನೋಡಿದ್ದೇನೆ. ನಿಮ್ಮ ಎರಡರಲ್ಲಿ ಒಂದು ವೈರು ಅದೇ ಇರಬಹುದು.

ಎಂಜಿನ್ ಮೇಲಿನ ಈ ಸಾಮಾನುಗಳಲ್ಲಿ, ಅಂದರೆ ಸೆನ್ಸರುಗಳಲ್ಲಿ, ಎರಡೇ ಜಾತಿ. ಒಂದು ಸ್ವಿಚ್, ಇನ್ನೊಂದು ಸೆಂಡರ್. ಸ್ವಿಚ್‌ಗೆ ಹೌದು, ಇಲ್ಲ ಎರಡೇ ಮಾತು ಗೊತ್ತು. ಅದು ದೀಪಕ್ಕೆ, ಬಜರಿಗೆ. ಸೆಂಡರ್ ಅಂದರೆ ಶಾಖ ಅಥವಾ ಪ್ರೆಷರ್ ಬದಲಾದ ಹಾಗೆ ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ) ಬದಲಾಗುವ ವಸ್ತು. ಅದು ಮೀಟರಿನ ಮುಳ್ಳಿಗೆ. ಹೊರಗಿನಿಂದ ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಅದಲುಬದಲು ಹಾಕಿದರೆ ಮುಳ್ಳು ಒಂದೋ ಏಳುವುದೇ ಇಲ್ಲ, ಇಲ್ಲವೇ ಒಂದೇ ಸಲ ತುದಿಗೆ ಹಾರುತ್ತದೆ. ನಿಮ್ಮ ಮೀಟರಿನ ಕಥೆಯೂ ಇದೇ ಇರಬಹುದು.

ಮೊದಲು ವೈರು ಯಾವುದು ಅಂತ ಗುರುತಿಸಿ. ಬಣ್ಣ ನೋಡಬೇಡಿ. ಅಮೆರಿಕದ ಬೋಟುಗಳಲ್ಲಿ ಆಯಿಲ್ ಪ್ರೆಷರ್‌ಗೆ ತಿಳಿನೀಲಿ, ನೀರಿನ ಶಾಖಕ್ಕೆ ತಿಳಿಕಂದು (ಟ್ಯಾನ್) ಅಂತ ಕ್ರಮ ಇದೆ. ನಮ್ಮ ಬಂದರಿನಲ್ಲಿ ಎಲೆಕ್ಟ್ರಿಷಿಯನ್ ಕೈಗೆ ಅವತ್ತು ಯಾವ ಸುರುಳಿ ಸಿಕ್ಕಿತೋ ಅದೇ ಬಣ್ಣ. ಲಾರಿಯ ಇಂಡಿಕೇಟರಿಗೆ ಹಾಕುವ 24 ವೋಲ್ಟ್, 21 ವ್ಯಾಟ್ ಬಲ್ಬ್ ಒಂದನ್ನು ತಗೊಳ್ಳಿ. ಅದರ ಒಂದು ತುದಿ ಎಂಜಿನ್ನಿನ ಲೋಹದ ಬಾಡಿಗೆ, ಇನ್ನೊಂದು ನೇತಾಡುವ ವೈರಿಗೆ. ಕೀ ಆನ್ ಮಾಡಿ, ಒಬ್ಬರು ಪ್ಯಾನೆಲ್ ಮುಂದೆ ನಿಲ್ಲಲಿ. ಪ್ಯಾನೆಲ್ ದೀಪ ಹೊತ್ತಿದರೆ ಅಥವಾ ಬಜರ್ ಕೂಗಿದರೆ ಅದು ಅಲಾರಂ ವೈರು. ಮುಳ್ಳು ಕುಪ್ಪಳಿಸಿದರೆ ಮೀಟರಿನದು. ಕೈಯಲ್ಲಿರುವ ಬಲ್ಬೇ ಝಗ್ಗನೆ ಹೊತ್ತಿದರೆ ಅದು ನೇರ ಬ್ಯಾಟರಿ ಪಾಸಿಟಿವ್, ಸೆನ್ಸರಿನದಲ್ಲ. ವೈರನ್ನೇ ಬಾಡಿಗೆ ತಾಗಿಸಿ ನೋಡುವವರಿದ್ದಾರೆ. ಇಂಥ ವೈರು ಸಿಕ್ಕಿದರೆ ಕಿಡಿ ಹಾರುತ್ತದೆ, ಫ್ಯೂಸ್ ಹೋಗುತ್ತದೆ.

ಇನ್ನು ಆ ಡಬ್ಬಿ. ಅದು ಆಯಿಲ್ ಪ್ರೆಷರ್ ಸೆಂಡರ್. ತಲೆ ಒರೆಸಿ ನೋಡಿ, ಎರಡು ಟರ್ಮಿನಲ್ ಇದ್ದು ಪಕ್ಕದಲ್ಲಿ 'ಜಿ' ಮತ್ತು 'ಡಬ್ಲ್ಯು ಕೆ' ಅಂತ ಇಂಗ್ಲಿಷ್ ಅಕ್ಷರ ಕೊರೆದಿರಬಹುದು. ಹಾಗಿದ್ದರೆ ಒಂದೇ ಡಬ್ಬಿಯಲ್ಲಿ ಎರಡು ಕೆಲಸ: ಜಿ ಮೀಟರಿಗೆ, ಡಬ್ಲ್ಯು ಕೆ ಅಲಾರಂಗೆ. ಎಂಜಿನ್ ನಿಂತಿರುವಾಗ, ವೈರು ಬಿಚ್ಚಿ, ಮಲ್ಟಿಮೀಟರಿನಲ್ಲಿ ಜಿ ಮತ್ತು ಬಾಡಿ ನಡುವೆ ಅಳೆಯಿರಿ. 10 ಓಮ್ ಆಸುಪಾಸು ಬಂದರೆ ಯುರೋಪಿನ ಲೆಕ್ಕದ ಸೆಂಡರ್. ಪೂರ್ತಿ ಪ್ರೆಷರಿನಲ್ಲಿ ಅದು 180ರ ಹತ್ತಿರ ಹೋಗುತ್ತದೆ. 240 ಓಮ್ ಬಂದರೆ ಅಮೆರಿಕದ ಲೆಕ್ಕದ್ದು, ಪ್ರೆಷರ್ ಏರಿದಂತೆ ಅದರ ಓಮ್ 33ರವರೆಗೆ ಇಳಿಯುತ್ತದೆ. ಮೀಟರ್ ಒಂದು ಲೆಕ್ಕದ್ದು, ಸೆಂಡರ್ ಇನ್ನೊಂದು ಲೆಕ್ಕದ್ದು ಆದರೆ ಮುಳ್ಳು ಉಲ್ಟಾ ಓಡುತ್ತದೆ.

ಹಿತ್ತಾಳೆಯ ಆ ಎರಡೂ, ಥರ್ಮೋಸ್ಟಾಟ್ (ನೀರಿನ ಶಾಖ ಹಿಡಿತದಲ್ಲಿಡುವ ಕವಾಟ) ಕೂರುವ ಗೂಡಿನ ಹತ್ತಿರ ಅಥವಾ ಎಂಜಿನ್ ಹೆಡ್ಡಿನಲ್ಲಿ ಇದ್ದರೆ ನೀರಿನ ಶಾಖದವು. ಎಂಜಿನ್ ತಣ್ಣಗಿರುವಾಗ ಅಳೆದರೆ ಸ್ವಿಚ್ ಏನೂ ತೋರಿಸುವುದಿಲ್ಲ, ಸೆಂಡರ್ ಕೆಲವು ನೂರು ಓಮ್ ತೋರಿಸುತ್ತದೆ. ಅನುಮಾನ ಇದ್ದರೆ ಬಿಚ್ಚಿ, ಕುದಿಯುವ ನೀರಿಗೆ ಮೂತಿ ಮಾತ್ರ ಇಳಿಬಿಡಿ. ಸೆಂಡರಿನ ಓಮ್ ಸರಸರ ಇಳಿಯುತ್ತದೆ. ಸ್ವಿಚ್ ಮೈಮೇಲೆ 95 ಅಥವಾ 98 ಡಿಗ್ರಿ ಅಂತ ಕೊರೆದಿದ್ದರೆ ನೀರು ಮರಳುವ ಹೊತ್ತಿಗೆ ಅದು ಕೂಡಿಕೊಳ್ಳಬೇಕು. ಎರಡರಲ್ಲಿ ಒಂದು ರಿವರ್ಸ್ ಗೇರ್ ಬಾಕ್ಸಿನ ಮೇಲಿದ್ದರೆ ಅದರ ಲೆಕ್ಕ ಬೇರೆ, ಗೇರ್ ಆಯಿಲಿನದು.

ಇಲ್ಲಿ ಒಂದು ಘಟನೆ ಹೇಳಲೇಬೇಕು. ಒಮ್ಮೆ ಒಂದು ಬೋಟನ್ನು ಇನ್ನೊಂದು ಬೋಟ್ ಎಳೆದುಕೊಂಡು ದಕ್ಕೆಗೆ ತಂದಿತ್ತು. ಹೆಡ್ ಬಾಗಿತ್ತು, ಗ್ಯಾಸ್ಕೆಟ್ ಸುಟ್ಟಿತ್ತು. 'ಮೀಟರ್ ಕಮ್ಮಿಯೇ ತೋರಿಸ್ತಿತ್ತು ಮಾರಾಯ್ರೆ, ಅಲಾರಂ ಸಹ ಆಗ್ಲಿಲ್ಲ' ಅಂತ ಡ್ರೈವರ್ ಆಣೆ ಹಾಕಿ ಹೇಳಿದರು. ಅವರು ಹೇಳಿದ್ದು ನಿಜವೇ. ಹೋಸ್ ಕ್ಲಿಪ್ ಜಾರಿ ಎಂಜಿನ್ನಿನ ಸಿಹಿನೀರು ಪೂರ್ತಿ ಬಿಲ್ಜಿಗೆ (ಬೋಟಿನ ತಳಕ್ಕೆ) ಹೋಗಿತ್ತು. ಶಾಖದ ಸೆಂಡರ್ ಅಳೆಯುವುದು ತನ್ನ ಮೂತಿಗೆ ತಾಗಿದ ನೀರನ್ನು. ನೀರೇ ಇಲ್ಲದಿದ್ದರೆ ಅದು ಗಾಳಿಯಲ್ಲಿ ನಿಂತು ತಪ್ಪು ತೋರಿಸುತ್ತದೆ. ಹಾಗಾಗಿ ಓಡುವ ಎಂಜಿನ್ನಿನಲ್ಲಿ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ಖುಷಿಪಡಬೇಡಿ, ಎಂಜಿನ್ ನಿಲ್ಲಿಸಿ. ಹೊಸದಕ್ಕೆ ದುಡ್ಡು ಹಾಕುವುದೇ ಆದರೆ ಸಿಹಿನೀರು ತುಂಬುವ ಹೆಡರ್ ಟ್ಯಾಂಕಿಗೆ ನೀರಿನ ಮಟ್ಟದ ಅಲಾರಂ ಹಾಕಿ.

ಸೆನ್ಸರಿನಲ್ಲೇ ಎರಡು ಟರ್ಮಿನಲ್ ಇದ್ದು, ಎರಡಕ್ಕೂ ಬಾಡಿ ಜೊತೆ ಸಂಬಂಧ ಇಲ್ಲದಿದ್ದರೆ, ಅದು ಅರ್ಥ್ ಬೇರೆ ಇಟ್ಟ ಎಂಜಿನ್, ಅಂದರೆ ಕರೆಂಟ್ ವಾಪಸಾಗುವುದು ಬಾಡಿ ಮೂಲಕ ಅಲ್ಲ, ಬೇರೆ ವೈರಿನಲ್ಲಿ. ಉಕ್ಕಿನ ಬೋಟಿನಲ್ಲಿ ಕರೆಂಟ್ ಬೋಟಿನ ಮೈಯನ್ನು ತಿನ್ನದಿರಲಿ ಅಂತ ಹಾಗೆ ಮಾಡುತ್ತಾರೆ. ಅಲ್ಲಿ ಒಂದು ವೈರಿನ ಸೆನ್ಸರ್ ತಂದು ಹಾಕಬೇಡಿ, ಮೇಲೆ ಹೇಳಿದ ಬಲ್ಬಿನ ತುದಿಯನ್ನೂ ಬಾಡಿಗೆ ಬದಲು ಬ್ಯಾಟರಿ ನೆಗೆಟಿವ್‌ಗೆ ಕೊಡಿ.

ಅಂಗಡಿಗೆ ಹೋಗುವಾಗ ಹಳೆಯದನ್ನು ಜೇಬಿನಲ್ಲಿ ಇಟ್ಟುಕೊಳ್ಳಿ, ಮೀಟರಿನ ಹಿಂಭಾಗದ ಫೋಟೋ ತೆಗೆದುಕೊಳ್ಳಿ. ಥ್ರೆಡ್ ನೋಡಿಯೇ ತಗೊಳ್ಳಿ. 10 ಮಿಲಿಮೀಟರ್ ಥ್ರೆಡ್ ಮತ್ತು ಇಂಚಿನ ಎಂಟನೇ ಒಂದು ಭಾಗದ ಪೈಪ್ ಥ್ರೆಡ್ ಕಣ್ಣಿಗೆ ಒಂದೇ. ಎರಡು ಸುತ್ತು ಕೈಯಲ್ಲೇ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಅಲ್ಲಿ ಪಾನಾ ಹಾಕಿದಿರೋ, ಬ್ಲಾಕಿನ ಥ್ರೆಡ್ ಹೋಯಿತು. ಟೆಫ್ಲಾನ್ ಟೇಪನ್ನೂ ದಪ್ಪಗೆ ಸುತ್ತಬೇಡಿ, ಒಂದು ವೈರಿನ ಸೆನ್ಸರಿಗೆ ಆ ಥ್ರೆಡ್ಡೇ ಅರ್ಥ್.