ಧಾನ್ಯದ ಹಿಟ್ಟಿಲ್ಲದೆ ಮನೆಯಲ್ಲಿ ಚೀಸ್ ಕರಿಯುವುದು ಹೇಗೆ? ಎಣ್ಣೆಗೆ ಹಾಕಿದರೆ ಕರಗಿ ಹೋಗುವುದಿಲ್ವಾ?

ಪನೀರ್ ತಗೊಂಡು, ಕೂವೆ ಹುಡಿಯಲ್ಲಿ (ಆರೋರೂಟ್) ಹೊರಳಿಸಿ ಕರಿಯಿರಿ. ಕರಗುವುದಿಲ್ಲ. ಮೈದಾ, ಅಕ್ಕಿ ಹಿಟ್ಟು, ಬ್ರೆಡ್ ಪುಡಿ ಯಾವುದೂ ಬೇಡ.

ಪನೀರ್ ಅಂದರೆ ಹುಳಿ ಹಿಂಡಿ ಒಡೆದ ಹಾಲು. ಬಿಸಿ ಹಾಲಿಗೆ ಲಿಂಬೆರಸ ಬಿದ್ದಾಗ, ಪ್ರೋಟೀನಿನ ಜೊತೆಗಿದ್ದ ಕ್ಯಾಲ್ಸಿಯಂ ಒಂದಷ್ಟು ನೀರಿಗೆ ಬಿಟ್ಟುಹೋಗುತ್ತದೆ. ಪ್ರೋಟೀನುಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಳ್ಳುತ್ತವೆ. ಆಮೇಲೆ ಕಾಯಿಸಿದರೂ ಆ ಹಿಡಿತ ಬಿಡುವುದಿಲ್ಲ. ಪಿಜ್ಜಾಕ್ಕೆ ಹಾಕುವ ಮೊಜರೆಲ್ಲಾ ಚೀಸ್ ಹಾಗಲ್ಲ. ಅದು ರೆನೆಟ್ ಎಂಬ ಕಿಣ್ವದಿಂದ ಹೆಪ್ಪಾದದ್ದು, ಬಿಸಿ ತಾಗಿದರೆ ಹಿಡಿತ ಸಡಿಲವಾಗಿ ಹರಿಯುತ್ತದೆ. ಅದಕ್ಕೇ ಅದಕ್ಕೆ ದಪ್ಪ ಹೊದಿಕೆ ಬೇಕು.

ಕೂವೆ ಗಡ್ಡೆಯದ್ದು, ಧಾನ್ಯವಲ್ಲ. ನಮ್ಮ ಕಾಸರಗೋಡಿನ ಕಡೆ ಮಕ್ಕಳಿಗೆ ಮಣ್ಣಿ ಮಾಡುವ ಅದೇ ಹುಡಿ. ಹೆಚ್ಚೂಕಡಿಮೆ ಬರೀ ಪಿಷ್ಟವಾದ್ದರಿಂದ ತೆಳುವಾಗಿ ಗರಿಗರಿಯಾಗುತ್ತದೆ.

1 ಲೀಟರ್ ಗಟ್ಟಿ ಹಾಲಿಗೆ ಸುಮಾರು 150ರಿಂದ 200 ಗ್ರಾಂ ಪನೀರ್ ಸಿಗುತ್ತದೆ. ಬಟ್ಟೆಯಲ್ಲಿ ಕಟ್ಟಿ, ಮೇಲೆ ಭಾರ ಇಟ್ಟು ನೀರು ಪೂರ್ತಿ ಇಳಿಸಿ. ಇದರಲ್ಲಿ ಅವಸರ ಬೇಡ, ನೀರು ಉಳಿದರೆ ಎಣ್ಣೆ ಸಿಡಿಯುತ್ತದೆ. ಬೆರಳುದ್ದ ಕತ್ತರಿಸಿ, ಉಪ್ಪು, ಮೆಣಸಿನ ಹುಡಿ, ಅರಿಶಿನ ಸವರಿ. ಕೂವೆ ಹುಡಿಯನ್ನು ಕರಿಯುವ ಹೊತ್ತಿಗಷ್ಟೇ ಹಚ್ಚಿ, ಮೊದಲೇ ಹಚ್ಚಿಟ್ಟರೆ ಅಂಟಂಟಾಗುತ್ತದೆ. ತೆಂಗಿನೆಣ್ಣೆ ಹೊಗೆಯಾಡುವ ಮೊದಲೇ ತುಂಡುಗಳನ್ನು ಅದಕ್ಕೆ ಬಿಡಿ, ಹೊಂಬಣ್ಣಕ್ಕೆ ತೆಗೆಯಿರಿ.

ಮಸಾಲೆಗೆ ಇಂಗೂ ಸೇರಿಸುವುದಿದ್ದರೆ, ಗೋಧಿ ಆಗದವರು ಮೊದಲು ಡಬ್ಬಿ ಓದಲೇಬೇಕು. ಅಂಗಡಿಯ ಇಂಗಿನ ಪುಡಿಗೆ ಹೆಚ್ಚಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ.