ಓದುಗರ ಪ್ರಶ್ನೆಗೆ ಉತ್ತರ: ಎರಡು ಬಾರಿ ಗೆದ್ದರೂ ಉಳಿಯದ ಒರ್ಲಾಂಡೊ ಪ್ಯಾಂಥರ್ಸ್

ಪ್ರಶ್ನೆ: ಫ್ಲಾರಿಡಾದಲ್ಲಿರುವ ನನ್ನ ಅಕ್ಕನ ಮಗ ಈ ಸಲ ಊರಿಗೆ ಬರುವಾಗ, ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡ ಬಟ್ಟೆಯ ಪತಾಕೆಯೊಂದನ್ನು ತಂದಿದ್ದಾನೆ. ಅದರಲ್ಲಿ ‘ಒರ್ಲಾಂಡೊ ಪ್ಯಾಂಥರ್ಸ್’ ಎಂದಿದೆ. ಅಮೆರಿಕನ್ ಫುಟ್‌ಬಾಲ್ ತಂಡ ಎನ್ನುತ್ತಾನೆ, ಆದರೆ ಈಗಿನ ತಂಡಗಳ ಪಟ್ಟಿಯಲ್ಲಿ ಆ ಹೆಸರಿಲ್ಲ. ಅದು ಯಾವ ತಂಡ?
– ಪೆರ್ಲದ ಓದುಗರು

ಉತ್ತರ: ಕಾಸರಗೋಡಿನಲ್ಲಿ ಫುಟ್‌ಬಾಲ್ ಎಂದರೆ ತೃಕ್ಕರಿಪುರದ ಹುಡುಗರು ಕಾಲಿನಲ್ಲಿ ಆಡುವ ಗುಂಡು ಚೆಂಡು. ನಿಮ್ಮ ಪತಾಕೆಯ ಆಟ ಬೇರೆಯದು. ಅಲ್ಲಿ ಚೆಂಡಿನ ಎರಡು ತುದಿಯೂ ಚೂಪು. ಅದನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುತ್ತಾರೆ ಇಲ್ಲವೇ ಎಸೆಯುತ್ತಾರೆ. ದಾಳಿ ಮಾಡುವ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ ಸಿಗುತ್ತದೆ. ಎದುರಾಳಿಯ ಗಡಿ ದಾಟಿದರೆ 6 ಅಂಕ.

ಈ ಆಟದ ದೊಡ್ಡ ಲೀಗ್‌ಗಳ ಕೆಳಗಿನ ಮಟ್ಟದಲ್ಲಿ 1965ರಲ್ಲಿ ಕಾಂಟಿನೆಂಟಲ್ ಫುಟ್‌ಬಾಲ್ ಲೀಗ್ ಎಂಬುದೊಂದು ಶುರುವಾಯಿತು. ಬೇಸ್‌ಬಾಲ್‌ನ ಕಮಿಷನರ್ ಆಗಿ ಹೆಸರು ಮಾಡಿದ್ದ ಹ್ಯಾಪಿ ಚಾಂಡ್ಲರ್ ಅದರ ಮೊದಲ ಮುಖ್ಯಸ್ಥರು. ಆ ವರ್ಷ ನ್ಯೂಜೆರ್ಸಿಯಲ್ಲಿ ‘ನ್ಯೂವಾರ್ಕ್ ಬೇರ್ಸ್’ ಎಂದು ಆಡಿದ ತಂಡ 1966ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಫ್ಲಾರಿಡಾಕ್ಕೆ ಬಂದು ಒರ್ಲಾಂಡೊ ಪ್ಯಾಂಥರ್ಸ್ ಆಯಿತು. ಒರ್ಲಾಂಡೊ ಆಗ ಕಿತ್ತಳೆ ತೋಟಗಳ ನಡುವಿನ, ಲಕ್ಷ ಜನಸಂಖ್ಯೆಯನ್ನೂ ಮುಟ್ಟದ ಊರು. ಅಲ್ಲಿನ ಕ್ರೀಡಾಂಗಣದ ಹೆಸರೂ ಟ್ಯಾಂಜರಿನ್ ಬೌಲ್, ಅಂದರೆ ಒಂದು ಜಾತಿಯ ಕಿತ್ತಳೆಯದೇ.

ತರಬೇತುದಾರರಾಗಿ ಬಂದವರು ಪೆರ್ರಿ ಮಾಸ್. ಹಿಂದಿನ ವರ್ಷವಷ್ಟೇ ಚಾರ್ಲ್‌ಸ್ಟನ್ ರಾಕೆಟ್ಸ್ ತಂಡವನ್ನು ಒಂದೂ ಸೋಲಿಲ್ಲದೆ ಗೆಲ್ಲಿಸಿದ್ದವರು ಅವರು. ಚೆಂಡು ಎಸೆಯುವ ಮುಖ್ಯ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಡಾನ್ ಜೋನಸ್. ಫಿಲಡೆಲ್ಫಿಯಾದ ದೊಡ್ಡ ತಂಡದಲ್ಲಿ ನೆಲೆ ಸಿಗದೆ ಕೆಳಗಿಳಿದು ಬಂದವರು. ಮೊದಲ ವರ್ಷವೇ ತಂಡ ಫೈನಲ್ ತಲುಪಿ, ಹೆಚ್ಚುವರಿ ಅವಧಿಯಲ್ಲಿ ಫಿಲಡೆಲ್ಫಿಯಾ ಬುಲ್‌ಡಾಗ್ಸ್‌ಗೆ 20–17ರಲ್ಲಿ ಸೋತಿತು. 1967ರಲ್ಲಿ ನಾರ್ಫೋಕ್ ನೆಪ್ಚೂನ್ಸ್ ತಂಡವನ್ನು 38–14ರಿಂದಲೂ, 1968ರಲ್ಲಿ ಅದೇ ತಂಡವನ್ನು 30–23ರಿಂದಲೂ ಮಣಿಸಿ ಸತತ ಎರಡು ಪ್ರಶಸ್ತಿ ಗೆದ್ದಿತು. ನಿಮ್ಮ ಪತಾಕೆ ಆ ಎರಡು ವರ್ಷಗಳಲ್ಲಿ ಯಾರೋ ಬೀಸಿದ್ದೇ ಆಗಿರಲಿ ಎಂದು ನನ್ನ ಆಸೆ.

ಪ್ರಶ್ನೆ: ಸೋಲುವ ತಂಡ ಮುಚ್ಚುವುದು ಸಹಜ. ಅಮೆರಿಕದಂಥ ಶ್ರೀಮಂತ ದೇಶದಲ್ಲಿ ಗೆಲ್ಲುವ ತಂಡಗಳೂ ಹೇಳಹೆಸರಿಲ್ಲದೆ ಹೋಗುವುದೇಕೆ?
– ಉಪ್ಪಳದ ಓದುಗರು

ಉತ್ತರ: ನಿಮ್ಮ ಪ್ರಶ್ನೆಗೆ ಮೇಲಿನ ಪತಾಕೆಯ ತಂಡವೇ ಉದಾಹರಣೆ, ಮತ್ತು ಉತ್ತರದ ಅರ್ಧ ಭಾಗ ನಮ್ಮ ಯಕ್ಷಗಾನದಲ್ಲೇ ಇದೆ. ಹರಕೆ ಮೇಳದ ಆಟದಲ್ಲಿ ಒಂದು ರಾತ್ರಿಯ ಖರ್ಚನ್ನು ಸೇವಾಕರ್ತರು ಹೊರುತ್ತಾರೆ. ಎದುರು ಕೂತವರು ನಾಲ್ಕೇ ಮಂದಿಯಾದರೂ ಭಾಗವತರ ಸಂಬಳಕ್ಕೆ ಕುಂದಿಲ್ಲ. ಡೇರೆ ಮೇಳಕ್ಕೆ ಆ ಭಾಗ್ಯವಿರಲಿಲ್ಲ. ಎಂಥ ಘಟಾನುಘಟಿ ಕಲಾವಿದರಿದ್ದರೂ ಆ ರಾತ್ರಿಯ ಟಿಕೆಟ್ ಹಣವೇ ಗತಿ. ಸಂಜೆ ಮಳೆ ಹೊಯ್ದರೆ ಯಜಮಾನರ ಮುಖ ಕಪ್ಪಿಡುತ್ತಿತ್ತು.

ಅಮೆರಿಕದ ಬೇಸ್‌ಬಾಲ್‌ನ ಕಿರಿಯ ತಂಡಗಳು ಹರಕೆ ಮೇಳದ ಹಾಗೆ. ಅವುಗಳ ಆಟಗಾರರ ಸಂಬಳವನ್ನು ಮೇಲಿನ ದೊಡ್ಡ ತಂಡವೇ ಕೊಡುತ್ತದೆ, ಏಕೆಂದರೆ ತನ್ನ ನಾಳಿನ ಆಟಗಾರರು ಅಲ್ಲೇ ಪಳಗಬೇಕು. ಫುಟ್‌ಬಾಲ್‌ನಲ್ಲಿ ಈ ಪಳಗಿಸುವ ಕೆಲಸವನ್ನು ವಿಶ್ವವಿದ್ಯಾಲಯಗಳು ಮಾಡುತ್ತವೆ. ದೊಡ್ಡ ತಂಡಗಳು ಬಿಡಿಕಾಸು ಬಿಚ್ಚದೆ ಪ್ರತಿವರ್ಷ ಅಲ್ಲಿಂದ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಹೀಗಿರುವಾಗ ಕಿರಿಯ ತಂಡವನ್ನು ಸಾಕುವ ಅಗತ್ಯ ಅವರಿಗೇನು? ಪ್ಯಾಂಥರ್ಸ್ ಡೇರೆ ಮೇಳವಾಗಿಯೇ ಬದುಕಬೇಕಾಯಿತು.

ಖರ್ಚೋ, ಕಬಡ್ಡಿಯಂತೆ ಏಳು ಮಂದಿಯನ್ನು ಒಂದು ಜೀಪಿನಲ್ಲಿ ತುಂಬಿಸಿಕೊಂಡು ಹೋಗುವ ಆಟ ಅದಲ್ಲ. ದಾಳಿಗೆ ಹನ್ನೊಂದು, ರಕ್ಷಣೆಗೆ ಬೇರೆಯೇ ಹನ್ನೊಂದು, ಗಾಯಗೊಂಡವರ ಬದಲಿಗೆ ಮತ್ತಷ್ಟು ಮಂದಿ, ಒಬ್ಬೊಬ್ಬರಿಗೂ ಶಿರಸ್ತ್ರಾಣ, ಭುಜರಕ್ಷೆ, ಜೊತೆಗೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಪ್ರಯಾಣ. ಲೀಗ್ ಬೆಳೆಯುತ್ತ ಟೆಕ್ಸಾಸ್, ಪಶ್ಚಿಮ ಕರಾವಳಿಗಳವರೆಗೂ ಹಬ್ಬಿದಾಗ ಹೆಸರು ದೊಡ್ಡದಾಯಿತು, ಪ್ರಯಾಣದ ಲೆಕ್ಕ ಅದಕ್ಕಿಂತ ದೊಡ್ಡದಾಯಿತು.

ಇನ್ನು ದೂರದರ್ಶನ. ಲೀಗಿನ ಎಲ್ಲ ತಂಡಗಳ ಪ್ರಸಾರದ ಹಕ್ಕನ್ನು ಒಟ್ಟಾಗಿ ಮಾರಲು 1961ರ ಕಾನೂನೊಂದು ಅವಕಾಶ ಕೊಟ್ಟಿತ್ತು. ಅದರ ಬಲದಿಂದ 1964ರಲ್ಲಿ ದೊಡ್ಡ ಲೀಗ್ ಆದ ಎನ್‌ಎಫ್‌ಎಲ್ ಸಿಬಿಎಸ್ ವಾಹಿನಿಯಿಂದ ವರ್ಷಕ್ಕೆ 1.41 ಕೋಟಿ ಡಾಲರ್ ಪಡೆಯತೊಡಗಿತು. ಪ್ರತಿಸ್ಪರ್ಧಿ ಎಎಫ್‌ಎಲ್‌ಗೆ ಎನ್‌ಬಿಸಿ ವಾಹಿನಿ ಐದು ವರ್ಷಕ್ಕೆ 3.6 ಕೋಟಿ ಡಾಲರ್ ಒಪ್ಪಿಕೊಂಡಿತು. 1966ರಲ್ಲಿ ಈ ಎರಡೂ ಲೀಗ್‌ಗಳು ಒಂದಾಗಲು ತೀರ್ಮಾನಿಸಿದವು. ಅಂಥ ಆದಾಯವಿಲ್ಲದ ಕಾಂಟಿನೆಂಟಲ್ ಲೀಗ್ 1969ರ ಋತುವಿನ ನಂತರ ಮುಗಿಯಿತು. ಪ್ಯಾಂಥರ್ಸ್ 1970ರಲ್ಲಿ ಅಟ್ಲಾಂಟಿಕ್ ಕೋಸ್ಟ್ ಲೀಗ್‌ಗೆ ಸೇರಿ ಒಂದು ಋತು ಆಡಿ ಬಾಗಿಲು ಹಾಕಿತು. ಮರುವರ್ಷ, 1971ರ ಅಕ್ಟೋಬರ್ 1ರಂದು, ಅದೇ ಊರಿನ ಹೊರವಲಯದಲ್ಲಿ ವಾಲ್ಟ್ ಡಿಸ್ನಿ ವರ್ಲ್ಡ್ ತೆರೆಯಿತು. ಊರಿಗೆ ದುಡ್ಡು ಬಂತು, ತಂಡ ಇರಲಿಲ್ಲ.

ಆಡಳಿತದ ತಪ್ಪುಗಳೂ ಇದ್ದಿರಬಹುದು, ಆದರೆ ಅದನ್ನೇ ಮುಂದೆ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಅಚ್ಚುಕಟ್ಟಾಗಿ ನಡೆದಿದ್ದರೂ ಆ ಲೆಕ್ಕ ಕೂಡಿ ಬರುವಂಥದ್ದಾಗಿರಲಿಲ್ಲ.

ಪ್ರಶ್ನೆ: ಪುರುಷರ ಈ ಆಟದಲ್ಲಿ ಹೆಣ್ಣೊಬ್ಬಳು ಆಡಿದ್ದಳೆಂದು ಓದಿದ ನೆನಪು. ನಿಜವೇ?
– ಕುಂಬಳೆಯ ಕಾಲೇಜು ವಿದ್ಯಾರ್ಥಿನಿ

ಉತ್ತರ: ನಿಜ, ಮತ್ತು ಅದು ಇದೇ ತಂಡದಲ್ಲಿ, ಅದರ ಕೊನೆಯ ಋತುವಿನಲ್ಲಿ. ಒದೆಯುವ ಆಟಗಾರನಿಗಾಗಿ ಚೆಂಡನ್ನು ನೆಲದ ಮೇಲೆ ನೆಟ್ಟಗೆ ಹಿಡಿದು ಕೊಡುವ ಒಬ್ಬರು ಇರುತ್ತಾರೆ. ಪ್ಯಾಂಥರ್ಸ್‌ನಲ್ಲಿ ಒದೆಯುವವ ಸ್ಟೀವನ್ ಪಲಿಂಕಸ್. ಚೆಂಡು ಹಿಡಿಯುವ ಕೆಲಸಕ್ಕೆ ಬಂದವಳು ಅವನ ಹೆಂಡತಿ ಪೆಟ್ರೀಷಿಯಾ. 1970ರ ಆಗಸ್ಟ್ 15ರಂದು ಬ್ರಿಜ್‌ಪೋರ್ಟ್ ಜೆಟ್ಸ್ ವಿರುದ್ಧ ಮೈದಾನಕ್ಕಿಳಿದ ಆಕೆ, ಪುರುಷರ ವೃತ್ತಿಪರ ಫುಟ್‌ಬಾಲ್ ಆಡಿದ ಮೊದಲ ಹೆಣ್ಣು.

ಮೊದಲ ಸಲವೇ ಹಿಂದಕ್ಕೆ ಬಂದ ಚೆಂಡು ಸರಿಯಾಗಿ ಕೈಗೆ ಸಿಗಲಿಲ್ಲ. ಅದನ್ನೆತ್ತಿಕೊಂಡು ಓಡಲು ಹೊರಟ ಆಕೆಯನ್ನು, ಆಕೆಗಿಂತ ಎಷ್ಟೋ ಭಾರವಾದ ಎದುರಾಳಿ ಕೆಡವಿ ಹಾಕಿದ. ಆಕೆ ಎದ್ದಳು, ಆ ರಾತ್ರಿಯೇ ಮತ್ತೆ ಚೆಂಡು ಹಿಡಿದಳು. ಮುಳುಗುತ್ತಿದ್ದ ತಂಡ ಟಿಕೆಟ್ ಮಾರಲು ಹೂಡಿದ ಉಪಾಯ ಇದು ಎಂದು ಕೆಲವರಿಗೆ ಅನ್ನಿಸಬಹುದು. ಇರಲಿ, ಕೆಡವಿದವನು ಉಪಾಯವೆಂದು ಮೆಲ್ಲಗೆ ಕೆಡವಲಿಲ್ಲವಲ್ಲ.

ಪ್ರಶ್ನೆ: ಇಂಥ ತಂಡಗಳಲ್ಲಿ ಆಡಿದವರಲ್ಲಿ ಯಾರಾದರೂ ಮುಂದೆ ಬಂದರೇ?
– ಮುಳ್ಳೇರಿಯದ ಓದುಗರು

ಉತ್ತರ: ಬಂದರು. 1967ರಲ್ಲಿ ಇದೇ ಲೀಗಿನ ಸ್ಯಾನ್ ಹೋಸೆ ಅಪಾಚೀಸ್ ತಂಡಕ್ಕೆ ತರಬೇತಿ ಕೊಟ್ಟ ಬಿಲ್ ವಾಲ್ಶ್, ಮುಂದೆ ಸ್ಯಾನ್ ಫ್ರಾನ್ಸಿಸ್ಕೊ ತಂಡಕ್ಕೆ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ಮೂರು ಬಾರಿ ಗೆದ್ದುಕೊಟ್ಟರು. ಇದೇ ಲೀಗಿನ ಸ್ಪೋಕೇನ್ ತಂಡದಲ್ಲಿ ಆಡಿದ ಕೆನ್ ಸ್ಟೇಬ್ಲರ್ ಓಕ್ಲಂಡ್ ತಂಡವನ್ನು ಸೂಪರ್ ಬೌಲ್ ವಿಜಯಕ್ಕೆ ಮುನ್ನಡೆಸಿದರು.

ಪ್ಯಾಂಥರ್ಸ್‌ನ ಡಾನ್ ಜೋನಸ್ ಕೆನಡಾದ ಲೀಗ್‌ಗೆ ಹೋಗಿ, 1971ರಲ್ಲಿ ವಿನಿಪೆಗ್ ಪರ ಆಡುತ್ತ ಅಲ್ಲಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದರು. ಎನ್‌ಎಫ್‌ಎಲ್‌ಗೆ ಮಾತ್ರ ಅವರು ಮತ್ತೆ ಮರಳಲಿಲ್ಲ. 1979ರಲ್ಲಿ ಒರ್ಲಾಂಡೊದ ವಿಶ್ವವಿದ್ಯಾಲಯವೊಂದು ಹೊಸದಾಗಿ ಫುಟ್‌ಬಾಲ್ ತಂಡ ಕಟ್ಟಿದಾಗ ಮೊದಲ ತರಬೇತುದಾರರಾಗಿ ನಿಂತವರು ಅವರೇ. ಆ ಹುಡುಗರನ್ನು ತವರಿನ ಪಂದ್ಯಗಳಿಗೆ ಕರೆದುಕೊಂಡು ಹೋದದ್ದು ಹಿಂದೆ ತಾವು ಆಡಿದ ಟ್ಯಾಂಜರಿನ್ ಬೌಲ್‌ಗೆ.