ಪಂದ್ಯದ ವಾರ ಮಗಳಿಗೆ ನಿದ್ದೆಯೇ ಇಲ್ಲ

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ, ಈಜುಗಾರ್ತಿ. ಪಂದ್ಯ ಹತ್ತಿರವಾದಂತೆ ರಾತ್ರಿಯೆಲ್ಲ ಹೊರಳಾಡುತ್ತಾಳೆ. ಮಲಗುವ ಮುನ್ನ ನೋಟ್‌ಬುಕ್ ತೆರೆದು ಅಂದಿನ ಪ್ರತಿ ಸುತ್ತಿನ ಸಮಯ ಬರೆದು, ನಿಧಾನವಾದದ್ದಕ್ಕೆ ಕೆಂಪು ಗೆರೆ ಎಳೆಯುತ್ತಾಳೆ. ಬೆಳಗಿನ ಜಾವ 4.30ಕ್ಕೆ ಅಲಾರಂ. ಅವಳ ತಮ್ಮನೂ ಅದೇ ಕೊಳದಲ್ಲಿ ಈಜುತ್ತಾನೆ. ಅವನಿಗೆ ದಿಂಬಿಗೆ ತಲೆ ಕೊಟ್ಟರೆ ಸಾಕು, ನಿದ್ದೆ. ತರಬೇತುದಾರರು ‘ಮನಸ್ಸು ಗಟ್ಟಿ ಮಾಡಿಕೋ’ ಎನ್ನುತ್ತಾರೆ. ಇದು ಹುಟ್ಟುಗುಣವೇ? ತಿದ್ದಬಹುದೇ?
- ಒಬ್ಬ ತಾಯಿ

ಉತ್ತರ: ಹುಟ್ಟುಗುಣದ ಪಾಲು ಖಂಡಿತ ಇದೆ. ಆದರೆ ಅದನ್ನು ತಿದ್ದಲು ಹೋಗಬೇಡಿ.

ವ್ಯಕ್ತಿತ್ವವನ್ನು ಅಳೆಯುವಾಗ ಮನಶ್ಶಾಸ್ತ್ರಜ್ಞರು ಐದು ಮುಖ್ಯ ಗುಣಗಳನ್ನು ನೋಡುತ್ತಾರೆ. ನಿಮ್ಮ ಮಗಳ ವಿಷಯದಲ್ಲಿ ಎರಡು ಮುಖ್ಯ: ಬೇಗ ಆತಂಕಕ್ಕೆ ಒಳಗಾಗುವ ಗುಣ ಮತ್ತು ಶಿಸ್ತು. ಮೊದಲನೆಯದು ಹೆಚ್ಚಿರುವ ಮಕ್ಕಳಿಗೆ ಅದೇ ಪಂದ್ಯ ಇತರರಿಗಿಂತ ದೊಡ್ಡ ಗಂಡಾಂತರವಾಗಿ ಕಾಣುತ್ತದೆ. ರಾತ್ರಿಯಾದರೂ ಮೈ ಮನಸ್ಸು ಎಚ್ಚರದಲ್ಲೇ ಇರುತ್ತವೆ. ನಿದ್ದೆಗೆಟ್ಟ ಮರುದಿನ ಸಣ್ಣ ಮಾತೂ ಚುಚ್ಚುತ್ತದೆ. ಶಿಸ್ತು ಸಾಮಾನ್ಯವಾಗಿ ನಿದ್ದೆಗೆ ಒಳ್ಳೆಯದೇ. ಎತ್ತರದ ಗುರಿ ಇಟ್ಟುಕೊಳ್ಳುವುದೂ ತೊಂದರೆಯಲ್ಲ. ‘ತಪ್ಪಿದರೆ ಎಲ್ಲರೂ ಏನೆಂದುಕೊಂಡಾರು’ ಎಂಬ ಅಳುಕು ಅದಕ್ಕೆ ಅಂಟಿಕೊಂಡಾಗ ನಿದ್ದೆ ಕೆಡುತ್ತದೆ. ಆ ಕೆಂಪು ಗೆರೆಗಳಲ್ಲಿ ನನಗೆ ಕಾಣುವುದು ಅದೇ ಅಳುಕು.

ನೋಟ್‌ಬುಕ್ ಕಿತ್ತುಕೊಳ್ಳಬೇಡಿ, ಅದು ಅವಳ ಶ್ರದ್ಧೆ. ಸಮಯ ಬರೆಯುವ ಕೆಲಸ ಅಭ್ಯಾಸ ಮುಗಿದ ಕೂಡಲೇ, ಕೊಳದ ಬಳಿಯೇ ಮುಗಿಯಲಿ. ಜೊತೆಗೆ ಚೆನ್ನಾಗಿ ಬಂದ ಒಂದು ಸುತ್ತನ್ನೂ ಗುರುತು ಮಾಡಲಿ. ಮಲಗುವ ಮುನ್ನ ಐದು ನಿಮಿಷ ನಾಳೆ ಮಾಡಬೇಕಾದ ಕೆಲಸಗಳನ್ನಷ್ಟೇ ಪಟ್ಟಿ ಮಾಡಲಿ. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹೀಗೆ ಬರೆದ ಯುವಜನರು, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆ ಹೋದರು.

ಇನ್ನು ಅಲಾರಂ. ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. 13ರಿಂದ 18ರ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. 4.30ಕ್ಕೆ ಏಳುವವಳು 8 ಗಂಟೆ ನಿದ್ರಿಸಬೇಕಾದರೆ ರಾತ್ರಿ 8.30ಕ್ಕೆ ಕಣ್ಣು ಮುಚ್ಚಿರಬೇಕು. ಹರೆಯದಲ್ಲಿ ನಿದ್ದೆಗೆ ಅಣಿ ಮಾಡುವ ಮೆಲಟೋನಿನ್ ಹಾರ್ಮೋನ್ ಏರುವುದೇ ತಡವಾಗಿ. ಅಷ್ಟು ಬೇಗ ಮಲಗೆಂದರೆ ಮಲಗಿಯಾಳು, ನಿದ್ದೆ ಎಲ್ಲಿಂದ ಬರಬೇಕು? ಇದನ್ನು ಮನಸ್ಸಿನ ದೌರ್ಬಲ್ಯ ಎನ್ನುವುದು ಅನ್ಯಾಯ. ಪಂದ್ಯದ ವಾರವಾದರೂ ಬೆಳಗಿನ ಅಭ್ಯಾಸವನ್ನು ಒಂದು ಗಂಟೆ ಮುಂದಕ್ಕೆ ಹಾಕುವಂತೆ ತರಬೇತುದಾರರನ್ನು ಕೇಳಿ. ಒಪ್ಪದಿದ್ದರೆ 2014ರ ಅಧ್ಯಯನವೊಂದನ್ನು ತಿಳಿಸಿ: ರಾತ್ರಿ ಸರಾಸರಿ 8 ಗಂಟೆಗಿಂತ ಕಡಿಮೆ ಮಲಗುವ ಶಾಲಾ ಕ್ರೀಡಾಪಟುಗಳಲ್ಲಿ ಗಾಯದ ಸಾಧ್ಯತೆ 1.7 ಪಟ್ಟು ಕಂಡುಬಂದಿತ್ತು.

ನನ್ನ ಬಳಿ ಬರುವ ಹುಡುಗಿಯರು ಹೆಚ್ಚಾಗಿ ಹೇಳುವುದು ಪಂದ್ಯದ ಭಯವನ್ನಲ್ಲ, ‘ಇವತ್ತು ನಿದ್ದೆ ಬರದಿದ್ದರೆ ನಾಳೆ ಕಥೆ ಮುಗಿಯಿತು’ ಎಂಬ ಭಯವನ್ನು. ಆದ್ದರಿಂದ ಮಗಳಿಗೆ ತಿಳಿಸಿ ಹೇಳಿ: ಪಂದ್ಯದ ಹಿಂದಿನ ಒಂದು ರಾತ್ರಿ ನಿದ್ದೆ ಸರಿಯಾಗದಿದ್ದರೆ ಮೈಯ ಕಸುವು ಅಷ್ಟೇನೂ ಕುಂದುವುದಿಲ್ಲ, ಅದಕ್ಕೂ ಮುಂಚಿನ ರಾತ್ರಿಗಳ ನಿದ್ದೆ ಕೈ ಹಿಡಿಯುತ್ತದೆ. ಇಪ್ಪತ್ತು ನಿಮಿಷ ಕಳೆಯಿತು ಎನಿಸಿದರೂ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂರಲಿ, ಕಣ್ಣು ಎಳೆದಾಗ ಮತ್ತೆ ಹೋಗಲಿ. ಗಡಿಯಾರ, ಮೊಬೈಲ್ ಎರಡೂ ಕೈಗೆಟುಕದ ಕಡೆ ಇರಲಿ. ನೀವೂ ಅಷ್ಟೇ, ಬೆಳಗ್ಗೆ ಎದ್ದವಳನ್ನು ‘ನಿದ್ದೆ ಬಂತಾ?’ ಎಂದು ವಿಚಾರಿಸಬೇಡಿ. ಅದು ಅವಳಿಗೆ ಮತ್ತೊಂದು ಪರೀಕ್ಷೆ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಇದೇ ಮುಂದುವರಿದರೆ ವೈದ್ಯರಿಗೆ ತೋರಿಸಿ. ಊಟ ಸೇರದೆ, ಕೊಳವೇ ಬೇಡ ಎನ್ನತೊಡಗಿದರೆ ಅಷ್ಟು ದಿನ ಕಾಯಬೇಡಿ.

ತಮ್ಮನ ಹೋಲಿಕೆ ಅವಳ ಕಿವಿಗೆ ಬೀಳದಿರಲಿ. ಅವನ ಮೇಲೂ ಒಂದು ಕಣ್ಣಿಡಿ: ತಲೆ ಕೊಟ್ಟ ಕ್ಷಣವೇ ನಿದ್ದೆ ಬರುವುದು ನೆಮ್ಮದಿಯ ಲಕ್ಷಣವೇ ಆಗಬೇಕೆಂದಿಲ್ಲ, ನಿದ್ದೆಯ ಬಾಕಿಯೂ ಇರಬಹುದು. ರಜೆಯ ದಿನ ಅಲಾರಂ ಇಲ್ಲದೆ ಬಿಟ್ಟು, ಎಷ್ಟು ಹೊತ್ತಿಗೆ ಏಳುತ್ತಾನೆ ನೋಡಿ.